ತಾಸು ಬಿಟ್ಟು ಬಾ

ನಮ್ಮೂರಿನ ಮೇಲ್ ಸರ್ವರ್ ಹನ್ನೊಂದು ವರ್ಷದಿಂದ ನನ್ನ ಕೈಯಲ್ಲಿದೆ, ಮತ್ತು ಅದನ್ನು ನನಗಿಂತ ಚೆನ್ನಾಗಿ ನಡೆಸುವವರು ಸುತ್ತ ನಾಲ್ಕು ಊರಲ್ಲಿ ಯಾರೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಮಾಡಿದ ಘನಂದಾರಿ ತಪ್ಪನ್ನೂ ನಾನೇ ಹೇಳಬೇಕಾಗಿದೆ. ನನ್ನ ಹೆಸರು ಸಾವಂತ್ರೆವ್ವ. ಊರಿನವರು ಸಾವಂತ್ರಕ್ಕ ಎನ್ನುತ್ತಾರೆ. ಸಿಟ್ಟು ಬಂದಾಗ ಏನೆನ್ನುತ್ತಾರೋ ಅದು ನನ್ನ ಕಿವಿಗೂ ಬಿದ್ದಿದೆ, ಇಲ್ಲಿ ಬೇಡ. ಸರ್ವರ್ ಇರುವುದು ಹಳೆಯ ಜೋಳದ ಕೋಠಿಯಲ್ಲಿ. ಗೋಡೆ ಎರಡು ಮೊಳ ದಪ್ಪ, ಒಳಗೆ ತಂಪು. ಇಲಿಗಳ ಕಾಟವೊಂದನ್ನು ಬಿಟ್ಟರೆ ಯಂತ್ರಕ್ಕೆ ಇದಕ್ಕಿಂತ ಸುಖದ ಜಾಗವಿಲ್ಲ. ಹೊರಗಿನ ಲೋಕದಿಂದ ನಮ್ಮೂರಿಗೆ ಬರುವುದು ಒಂದೇ ತಂತಿ, ಅದು ಬಂದು ಮುಟ್ಟುವುದು ಆ ಕೋಠಿಗೆ. ಫೋನಿನ ಗೋಪುರ ನಮ್ಮ ಗುಡ್ಡ ಹತ್ತಲೇ ಇಲ್ಲ, ಕಾಗದದ ಅಂಚೆ ನಿಂತು ಎಷ್ಟೋ ಕಾಲವಾಯಿತು. ಎಂಟುನೂರು ಮನೆಗಳಿಗೆ ಬರುವ ಮಾತು, ಹೋಗುವ ಮಾತು, ಎಲ್ಲ ನನ್ನನ್ನು ದಾಟಿಯೇ ಹೋಗಬೇಕು.

ನಮ್ಮೂರಿನಲ್ಲಿ, ಬಂದ ಪತ್ರಕ್ಕೆ ಉತ್ತರ ಕೊಡದಿದ್ದರೆ ಆ ಮನೆಯ ಉಪ್ಪು ಸಪ್ಪೆಯಾಗುತ್ತದೆ. ಇಂದು ಪತ್ರ ಬಂತು ಅನ್ನಿ. ನಾಳೆ ಊಟದ ಹೊತ್ತಿಗೆ ಉತ್ತರ ಆ ಕಡೆಯವರ ಬಾಗಿಲು ಮುಟ್ಟಿರಬೇಕು. ಇಲ್ಲದಿದ್ದರೆ ಸಾರಿಗೆ ಎಷ್ಟು ಸುರಿದರೂ ಮರಳು ಹಾಕಿದ ಹಾಗೆ. ಪಕ್ಕದ ಮನೆಯಿಂದ ಒಂದು ಹಿಡಿ ತಂದರೂ ಹೊಸ್ತಿಲು ದಾಟಿದ ಕೂಡಲೇ ಅದೂ ಸಪ್ಪೆ. ಹಾಗಾಗಿ ನಮ್ಮಲ್ಲಿ ಸೋಮಾರಿಗಳಿದ್ದಾರೆ, ಸುಳ್ಳುಗಾರರಿದ್ದಾರೆ, ಆದರೆ ಪತ್ರಕ್ಕೆ ಉತ್ತರ ಬರೆಯದವರು ಒಬ್ಬರೂ ಇಲ್ಲ. ಮದುವೆಗೆ ಹೆಣ್ಣು ನೋಡಲು ಬಂದವರು ಮೊದಲು ಉಪ್ಪಿನಕಾಯಿ ಕೇಳುತ್ತಾರೆ; ಅದು ನಾಲಿಗೆಗೆ ಚುರುಕ್ಕೆಂದರೆ ಮನೆತನ ಒಳ್ಳೆಯದು ಎಂದು ಲೆಕ್ಕ.

ಕಾಗದದ ಕಾಲದಲ್ಲಿ ಉತ್ತರ ಅಂಚೆಗೆ ಬಿದ್ದರೆ ಸಾಕಿತ್ತು, ಇದೇನೂ ಭಾರವಾಗಿರಲಿಲ್ಲ. ಮೇಲ್ ಬಂತು, ಅದರ ಹಿಂದೆಯೇ ಕಳ್ಳ ಪತ್ರಗಳು ಬಂದವು. ಬೋಳು ತಲೆಗೆ ಎಣ್ಣೆ, ಮಂಡಿನೋವಿಗೆ ಬಳೆ, ಸತ್ತ ರಾಜಕುಮಾರನ ಪೆಟ್ಟಿಗೆ. ಬೇರೆ ಊರಿನವರು ಅದನ್ನು ಸ್ಪ್ಯಾಮ್ ಎಂದು ಕಸಕ್ಕೆ ಎಸೆಯುತ್ತಾರಂತೆ. ನಾವು ಎಸೆಯುವ ಹಾಗಿದೆಯೇ? ಕೂತು ಉತ್ತರ ಬರೆದೆವು. ನಿವೃತ್ತ ಡ್ರಿಲ್ ಮಾಸ್ತರ ಚನಮಲ್ಲಪ್ಪನವರಂತೂ ಎಣ್ಣೆ ಮಾರುವವನಿಗೆ ನಾಲ್ಕು ಪುಟ ಬರೆದರು: ತಮ್ಮ ಅಜ್ಜನೂ ಬೋಳು, ಅಪ್ಪನೂ ಬೋಳು, ತಾವು ಮಾತ್ರ ಮೂವತ್ತರವರೆಗೆ ತಡೆದುಕೊಂಡಿದ್ದು, ಎಣ್ಣೆ ಬೇಡ, ಆದರೂ ನೆನಪು ಮಾಡಿಕೊಂಡದ್ದಕ್ಕೆ ಉಪಕಾರ, ಮನೆಯಲ್ಲಿ ಎಲ್ಲರೂ ಸೌಖ್ಯವೇ. ಮರುದಿನ ಎಣ್ಣೆಯವನು ಮತ್ತೆ ಬರೆದ. ಮಾಸ್ತರರೂ ಮತ್ತೆ ಬರೆದರು.

ದಿನಕ್ಕೆ ಹತ್ತಿದ್ದದ್ದು ನೂರಾಯಿತು, ನೂರು ಎರಡು ಸಾವಿರವಾಯಿತು. ಹೊಲಕ್ಕೆ ಹೋಗುವವರು ಹೊಲ ಬಿಟ್ಟು ಉತ್ತರ ಬರೆಯುತ್ತ ಕೂತರು. ಆಗ ನಾನು ಬುದ್ಧಿ ಓಡಿಸಿದೆ. ಯಾವ ಮನೆಗೆ ಯಾವ ಗುರುತಿಲ್ಲದ ಪತ್ರ ಬಂದರೂ ತಾನಾಗಿ ಉತ್ತರ ಕಳಿಸುವಂತೆ ಸರ್ವರಿಗೆ ಒಂದು ಪ್ರೋಗ್ರಾಂ ಬರೆದೆ: “ನಿಮ್ಮ ಪತ್ರ ಮುಟ್ಟಿತು. ನಾವು ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ.” ಮೊದಲ ದಿನ ನಮ್ಮ ಮನೆಯಲ್ಲೇ ಪರೀಕ್ಷೆ ಮಾಡಿದೆ. ಸಾರು ಖಡಕ್ಕಾಗಿತ್ತು. ಉಪ್ಪಿಗೆ ಕೈಬರಹ ಗೊತ್ತಾಗುವುದಿಲ್ಲ, ಅದೊಂದು ದಡ್ಡ ವಸ್ತು ಎಂದು ಅಂದು ತೀರ್ಮಾನಿಸಿದೆ. ಊರಿನವರು ಶಾಲೆಯ ಅಂಗಳದಲ್ಲಿ ನನಗೆ ಶಾಲು ಹೊದಿಸಿದರು. ಜಂಬದ ಕೋಳಿಯ ಹಾಗೆ ಆರು ತಿಂಗಳು ಓಡಾಡಿದೆ. ಮಾಸ್ತರರು ಮಾತ್ರ ತಮ್ಮ ಪತ್ರಕ್ಕೆ ಯಂತ್ರದ ಉತ್ತರ ಬೇಡ, ತಾವೇ ಬರೆಯುವುದಾಗಿ ಹೇಳಿದರು.

ಇನ್ನು ನಿಂಬೆವ್ವನ ಸಂಗತಿ. ಬಸ್ ನಿಲ್ಲುವ ಕಟ್ಟೆಯ ಎದುರಿಗೆ ಅವಳ ಖಾನಾವಳಿ. ಐವತ್ತೆರಡು ವರ್ಷ, ಗಂಡ ಹೋಗಿ ಹದಿನೆಂಟಾಯಿತು. ನನಗೆ ಬಾಲ್ಯದ ಗೆಳತಿ. ನನ್ನ ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಹಕ್ಕು ಊರಲ್ಲಿ ಅವಳೊಬ್ಬಳಿಗೇ ಇದೆ. ಹೋದ ವರ್ಷ ಊರ ಗೋಪುರದ ಗಡಿಯಾರ ರಿಪೇರಿಗೆ ರಾಚಪ್ಪನೆಂಬ ಕುಶಲಗಾರ ಬಂದಿದ್ದ. ಊರೂರು ಅಲೆಯುತ್ತ ದೊಡ್ಡ ಗಡಿಯಾರ ರಿಪೇರಿ ಮಾಡುವುದೇ ಅವನ ಕೆಲಸ. ಮನೆಯಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ನಲವತ್ತು ದಿನ ಎರಡು ಹೊತ್ತೂ ನಿಂಬೆವ್ವನ ಕೈಯಲ್ಲಿ ಉಂಡ. ಹೋಗುವಾಗ ಏನೂ ಹೇಳಲಿಲ್ಲ. ಈ ವರ್ಷ, ಒಂದು ಅಮಾವಾಸ್ಯೆ ಕಳೆದ ಮೂರನೆಯ ದಿನ, ಅವನ ಪತ್ರ ಬಂತು. ಉಳಿದ ಆಯುಷ್ಯ ಅವಳ ಜೊತೆ ಕಳೆಯುವ ಆಸೆಯಿದೆ, ಅವಳು ಒಪ್ಪಿದರೆ ಬರುತ್ತೇನೆ. ಸಮುದ್ರದಾಚೆ ಒಂದು ದ್ವೀಪದಲ್ಲಿ ಐದು ವರ್ಷದ ಕೆಲಸಕ್ಕೆ ಕರೆದಿದ್ದಾರೆ. ಮುಂದಿನ ಅಮಾವಾಸ್ಯೆಯ ಹೊತ್ತು ಮುಳುಗುವುದರೊಳಗೆ ಉತ್ತರ ಬರದಿದ್ದರೆ ಇಲ್ಲವೆಂದು ತಿಳಿದು ಹಡಗು ಹತ್ತುತ್ತೇನೆ, ಮತ್ತೆಂದೂ ತೊಂದರೆ ಕೊಡುವುದಿಲ್ಲ. ಇಷ್ಟೇ ಪತ್ರ.

ನಿಂಬೆವ್ವ ಹನ್ನೆರಡು ದಿನ ಉತ್ತರ ಬರೆಯಲಿಲ್ಲ. ಗುಟ್ಟು ಉಳಿಯುವುದೆಲ್ಲಿಂದ? ಎರಡನೆಯ ದಿನವೇ ಖಾನಾವಳಿಯ ಬೇಳೆ ಸಾರು ಸಪ್ಪೆ, ಬದನೆಕಾಯಿ ಪಲ್ಯ ಸಪ್ಪೆ, ಉಪ್ಪಿನಕಾಯಿ ಬರೀ ಹುಳಿ. ಉಣ್ಣುವವರು ಒಬ್ಬರ ಮುಖ ಒಬ್ಬರು ನೋಡಿ ಮುಸಿಮುಸಿ ನಕ್ಕರು. “ನಿಂಬಕ್ಕಾ, ಯಾರದರ ಪತ್ರ ಬಂದೈತೇನ?” ಎಂದು ಲಾರಿಯ ಸಿದ್ರಾಮ ಕೇಳಿದ್ದಕ್ಕೆ ಅವನ ತಾಟಿನ ಮೇಲಿದ್ದ ರೊಟ್ಟಿಯನ್ನೇ ಎತ್ತಿಕೊಂಡು ಹೋದಳು. ಆದರೆ ಸಪ್ಪೆಯೆಂದು ಒಬ್ಬನೂ ಬೇರೆ ಕಡೆ ಉಣ್ಣಲು ಹೋಗಲಿಲ್ಲ. ಏನು ಬರೆಯುತ್ತಾಳೋ ಎಂದು ಊರಿಗೆ ಊರೇ ಸಪ್ಪೆ ಸಾರು ಸುರಿಯುತ್ತ ಕಾಯಿತು.

ಹದಿಮೂರನೆಯ ದಿನ ಬೆಳಿಗ್ಗೆ ಕೋಠಿಗೆ ಬಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, “ಬರಕೋ,” ಎಂದಳು. “ಬರ್ರಿ. ಬರೂವಾಗ ಎಣ್ಣಿ ಡಬ್ಬಿ ತರ್ರಿ, ನಿಮ್ಮ ಗಡಿಯಾರ ಮತ್ತ ಹಿಂದ ಬಿದ್ದೈತಿ.” ನಾನು ಬರೆದುಕೊಂಡೆ. “ಇಷ್ಟ ಏನ?” ಎಂದೆ. “ಇಷ್ಟ ಬರಿಯಾಕ ಹನ್ನೆರಡು ದಿನ ಹಿಡೀತು,” ಎಂದಳು. ಇಬ್ಬರೂ ಹುಡುಗಿಯರ ಹಾಗೆ ನಕ್ಕೆವು. ನನ್ನ ಕಣ್ಣು ತುಂಬಿ ಬಂತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ಪತ್ರ ಕಳಿಸಿದೆ.

ಅರ್ಧ ನಿಮಿಷದಲ್ಲಿ ವಾಪಸ್ ಬಂತು. “ನಿಮ್ಮ ಊರಿನ ಹೆಸರು ಕಪ್ಪುಪಟ್ಟಿಯಲ್ಲಿದೆ. ಪತ್ರ ಸ್ವೀಕರಿಸುವುದಿಲ್ಲ.”

ಕಪ್ಪುಪಟ್ಟಿ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು. ಕಸದ ಪತ್ರ ಕಳಿಸುವ ಸರ್ವರುಗಳ ಹೆಸರನ್ನು ಯಾರೋ ದೂರದಲ್ಲಿ ಕೂತು ಬರೆದಿಡುತ್ತಾರೆ. ಉಳಿದ ಊರುಗಳ ಸರ್ವರುಗಳು ಆ ಪಟ್ಟಿ ನೋಡಿ ಬಾಗಿಲು ತೆರೆಯುತ್ತವೆ, ಇಲ್ಲವೇ ಮುಚ್ಚುತ್ತವೆ. ಯಾರ ಹೆಸರು ಬೇಕಾದರೂ ಅದರಲ್ಲಿರಲಿ, ನನ್ನ ಊರಿನ ಹೆಸರೇ? ಉತ್ತರ ಬರೆಯುವುದರಲ್ಲಿ ಲೋಕಕ್ಕೇ ಮಾದರಿಯಾದ ಊರು! ನನಗೆ ನಖಶಿಖಾಂತ ಉರಿಯಿತು. ಪಟ್ಟಿಯವರ ಪುಟ ತೆರೆದರೆ ಒಂದು ಅರ್ಜಿ ಇತ್ತು. “ನಿಮ್ಮ ಕಡೆಯ ತಪ್ಪನ್ನು ಹುಡುಕಿ ಸರಿಪಡಿಸಿದ್ದೀರಾ?” ತಪ್ಪೇ ಇಲ್ಲದ ಮೇಲೆ ಹುಡುಕುವುದೇನು? ಹೌದು ಎಂದು ಗುರುತು ಹಾಕಿ ಕಳಿಸಿದೆ. ಒಂದು ದಿನದಲ್ಲಿ ಹೆಸರು ತೆಗೆಯುತ್ತೇವೆ ಎಂದರು. “ನಾಳಿ ಹೋಗತೈತಿ, ನೀ ರೊಟ್ಟಿ ಬಡಿ ಹೋಗು,” ಎಂದು ನಿಂಬೆವ್ವನಿಗೆ ಧೈರ್ಯ ಹೇಳಿದೆ.

ಮರುದಿನ ಬಂದದ್ದು ಬೇರೆಯೇ ಮಾತು. “ನೀವು ಅರ್ಜಿ ಹಾಕಿದ ಮೇಲೂ ನಿಮ್ಮ ಊರಿನಿಂದ ಸಾವಿರದ ಒಂಬೈನೂರು ಪತ್ರ ಹೊರಟಿವೆ. ಅವುಗಳಲ್ಲಿ ಅರವತ್ತು ನಮ್ಮ ಖಾಲಿ ವಿಳಾಸಗಳಿಗೆ ಬಂದಿವೆ. ಆ ವಿಳಾಸಗಳಲ್ಲಿ ಯಾರೂ ಇಲ್ಲ. ಕಳ್ಳರನ್ನು ಹಿಡಿಯಲೆಂದೇ ಇಟ್ಟಿದ್ದೇವೆ. ನಿಲ್ಲಿಸಿದ್ದೇವೆ ಎಂದು ನೀವು ತಿಳಿಸಿದ ಮರುದಿನದಿಂದ ಏಳು ದಿನ ಇಂಥ ಒಂದು ಪತ್ರವೂ ನಿಮ್ಮಿಂದ ಹೊರಡದಿದ್ದರೆ ಎಂಟನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೆಸರು ತೆಗೆಯುತ್ತೇವೆ. ನಡುವೆ ಒಂದು ಹೊರಟರೂ ತೊಂಬತ್ತು ದಿನ ಮುಟ್ಟುವುದಿಲ್ಲ.”

ಆಗಲಾದರೂ ನಾನು ಪ್ರೋಗ್ರಾಂ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಐದು ದಿನ ಅವರ ಪುಟದ ಮೇಲೆ ಜಗಳ ಬರೆದೆ. ನಮ್ಮೂರಿನ ಸಂಸ್ಕಾರದ ಬಗ್ಗೆ ಬರೆದೆ, ಶಾಲಿನ ಬಗ್ಗೆಯೂ ಬರೆದೆ. ಅವರು ಅದೇ ಮೂರು ಸಾಲು ತಿರುಗಿ ಕಳಿಸಿದರು. ಪಕ್ಕದ ಊರಿನ ಸರ್ವರಿನವನಿಗೆ ನಿಂಬೆವ್ವನ ಪತ್ರವೊಂದನ್ನು ದಾಟಿಸು ಮಾರಾಯಾ ಎಂದು ಆಳು ಕಳಿಸಿದರೆ, ತನ್ನ ಊರಿನ ಹೆಸರೂ ಪಟ್ಟಿಗೆ ಬಿದ್ದೀತೆಂದು ಅವನು ಚೀಟಿಯನ್ನು ಮುಟ್ಟಲೂ ಇಲ್ಲ. ಹತ್ತರಲ್ಲಿ ಆರು ಬಾಗಿಲು ನಮಗೆ ಮುಚ್ಚಿದ್ದವು; ಊರಿನವರ ನೆಂಟರಿಷ್ಟರಿರುವ ಊರುಗಳು ಪುಣ್ಯಕ್ಕೆ ತೆರೆದಿದ್ದವು. ಕಳ್ಳ ಪತ್ರದ ಉತ್ತರ ವಾಪಸ್ ಬಂದ ಮನೆಗಳಲ್ಲೆಲ್ಲ ಉಪ್ಪು ಹೋಗತೊಡಗಿತು. ನಿಂಬೆವ್ವ ದಿನಾ ಬಂದು ಬಾಗಿಲಲ್ಲಿ ನಿಂತು, “ಹೋತೇನ?” ಎನ್ನುವಳು. ನಾನು, “ಇಂದ ನಾಳಿ,” ಎನ್ನುವೆ. ಹತ್ತೊಂಬತ್ತನೆಯ ದಿನ ಅವಳು ಕೇಳಲೂ ಇಲ್ಲ. ನನ್ನ ಮುಖ ನೋಡಿ ಸುಮ್ಮನೆ ಹೊರಟುಹೋದಳು. ಅವಳು ಬೈದಿದ್ದರೆ ವಾಸಿಯಿತ್ತು.

ಅದೇ ದಿನ ಮಧ್ಯಾಹ್ನ ನನ್ನ ಹೆಸರಿಗೆ ಒಂದು ಪತ್ರ ಬಂತು. ದೂರದ ಯಾವುದೋ ಊರಿನಲ್ಲಿ ಹೂವಿನ ಸಸಿ ಮಾರುವ ಹೆಂಗಸು ಬರೆದಿದ್ದಳು. “ನಾನು ನಿಮಗೆ ಯಾವ ಎಣ್ಣೆಯ ಬಗ್ಗೆಯೂ ಬರೆದವಳಲ್ಲ. ಯಾರೋ ನನ್ನ ಹೆಸರು ಕದ್ದು ಆ ಪತ್ರಗಳನ್ನು ಕಳಿಸುತ್ತಿದ್ದಾರೆ. ಈ ತಿಂಗಳು ನಿಮ್ಮ ಊರಿನಿಂದ ನನಗೆ ನಾನೂರ ಹನ್ನೆರಡು ಉತ್ತರ ಬಂದಿವೆ. ಹೆಚ್ಚಿನವುಗಳಲ್ಲಿ ಒಂದೇ ಮಾತು: ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ. ನನ್ನ ತಾಯಿ ತೀರಿಕೊಂಡ ದಿನ ಮೂವತ್ತೊಂದು ಬಂದಿದ್ದವು. ತಾಯಿಗೆ ಜೋರಾಗಿದೆ, ಬೇಗ ಬಾ ಎಂದು ತಮ್ಮ ಬರೆದದ್ದು ಅವುಗಳ ಕೆಳಗೆ ಮುಚ್ಚಿಹೋಗಿತ್ತು. ನಾನು ಎರಡು ದಿನ ತಡವಾಗಿ ನೋಡಿದೆ. ದಯವಿಟ್ಟು ನಿಲ್ಲಿಸಿ.”

ಮೂರು ಸಲ ಓದಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆರು ತಿಂಗಳಿಂದ ನಾನು ಮಾಡಿದ್ದು ಅದನ್ನೇ. ಕಳ್ಳ ಬೇರೆಯವರ ಹೆಸರು ಹಾಕಿ ಬರೆದ, ನಾನು ಆ ಬೇರೆಯವರ ತಲೆಯ ಮೇಲೆ ಉತ್ತರ ಸುರಿದೆ, ಯಾರೂ ಇಲ್ಲದ ಮನೆಗಳಿಗೂ ಕ್ಷೇಮ ಕೇಳಿದೆ, ಆಮೇಲೆ ಶಾಲು ಹೊದ್ದುಕೊಂಡೆ. ಎದ್ದು ಪ್ರೋಗ್ರಾಂ ನಿಲ್ಲಿಸಿ ಅದರ ಕಡತವನ್ನೇ ಅಳಿಸಿಹಾಕಿದೆ. ನಿಲ್ಲಿಸಿದ್ದೇನೆ ಎಂದು ಪಟ್ಟಿಯವರ ಪುಟದಲ್ಲೂ ಬರೆದೆ. ಸಸಿ ಮಾರುವವಳಿಗೆ ಕ್ಷಮೆ ಕೇಳಿ ಬರೆದೆ. ಅದೂ ವಾಪಸ್ ಬಂತು. ಅವಳ ಊರೂ ನಮಗೆ ಬಾಗಿಲು ಮುಚ್ಚಿತ್ತು.

ತಪ್ಪನ್ನು ಮೊದಲು ಒಪ್ಪಿಕೊಳ್ಳಬೇಕಾದದ್ದು ನಿಂಬೆವ್ವನ ಎದುರಿಗೆ. ಖಾನಾವಳಿಗೆ ಹೋದಾಗ ಊಟದ ನೂಕುನುಗ್ಗಲು. ಎರಡು ಬಸ್ಸು ಒಟ್ಟಿಗೆ ಬಂದಿದ್ದವು. ಅವಳು ಹೊಸ್ತಿಲ ಮೇಲೆ ಸೌಟು ಹಿಡಿದು ನಿಂತು, ಪರಿಚಯದವರನ್ನು ಒಳಗೆ ಬಿಡುತ್ತ, ಹೊಸ ಮುಖ ಕಂಡರೆ, “ತಾಸು ಬಿಟ್ಟು ಬಾ ತಮ್ಮಾ,” ಎನ್ನುತ್ತಿದ್ದಳು. ನಾನು ಗೋಡೆಗೆ ಒರಗಿ ಕಾದೆ. ಗದ್ದಲ ಇಳಿದ ಮೇಲೆ ಎಲ್ಲ ಹೇಳಿದೆ: ತಪ್ಪು ನನ್ನದೇ, ಅರ್ಜಿಯಲ್ಲಿ ಸುಳ್ಳು ಹೇಳಿದ್ದು ನಾನೇ, ಐದು ದಿನ ಹಾಳು ಮಾಡಿದ್ದೂ ನಾನೇ. ಅವಳು ಪಾತ್ರೆ ತಿಕ್ಕುತ್ತ ಕೇಳಿದಳು. ಕೊನೆಗೆ, “ಅಮಾಸಿಗೆ ಇನ್ನ ಎಷ್ಟ ದಿನ?” ಎಂದಳು.

“ನಾಳಿಗೆ ಎಂಟು ಉಳೀತಾವ.”

“ಏಳು ದಿನ ಸುಮ್ಮನಿರಬೇಕು ಅಂದಾರ. ಸುಮ್ಮನಿದ್ದರ ಆತು.”

“ಆತು ಅಂದರ ಹ್ಯಾಂಗ? ಬಂದ ಪತ್ರಕ್ಕ ಉತ್ತರ ಕೊಡಲಿಲ್ಲಂದರ ಇಡೀ ಊರ ಉಪ್ಪು ಹೋಗತೈತಿ. ಬರೂದಂತೂ ನಿಲ್ಲೂದುಲ್ಲ.”

ನಿಂಬೆವ್ವ ಸೌಟನ್ನು ನನ್ನ ಕಡೆ ತೋರಿಸಿದಳು. “ಮತ್ತ ಒಳಗ ಯಾಕ ಬಿಟ್ಟುಕೋತೀಯ? ನಮ್ಮ ಹಿರ್‍ಯಾರು ಹಾಕಿದ್ದ ಪದ್ಧತಿ, ಹೊಸ್ತಿಲು ದಾಟಿದವರಿಗೆ ತಾಟು ಹಾಕಲೇಬೇಕು. ಹೌದಿಲ್ಲ? ಅದಕ್ಕ ನಾ ಹೊಸ್ತಿಲದಾಗ ನಿಲ್ಲತೀನಿ. ಗುರ್ತಿಲ್ಲದವರಿಗೆ ಇಲ್ಲ ಅನ್ನೂದುಲ್ಲ, ತಾಸು ಬಿಟ್ಟು ಬಾ ಅಂತೀನಿ. ನಿಜವಾಗಲೂ ಹಸದಾಂವ ತಿರುಗಿ ಬರ್ತಾನ. ಸುಮ್ಮನ ಬಾಯಿ ಆಡಸಾಕ ಬಂದಾಂವ ಮುಂದಿನ ಅಂಗಡಿಗೆ ಹೋಕ್ಕಾನ. ಇಪ್ಪತ್ತು ವರ್ಷದಾಗ ಹಸದಾಂವ ಒಬ್ಬನೂ ತಪ್ಪಿಲ್ಲ.”

ಹನ್ನೊಂದು ವರ್ಷ ಸರ್ವರ್ ನಡೆಸಿದವಳು ನಾನು, ಅದನ್ನು ಹೇಗೆ ನಡೆಸಬೇಕೆಂದು ಹೇಳಿಕೊಟ್ಟವಳು ರೊಟ್ಟಿ ಬಡಿಯುವವಳು. ಕಳ್ಳ ಪತ್ರ ಕಳಿಸುವವನಿಗೆ ಲಕ್ಷ ಬಾಗಿಲು ತಟ್ಟುವ ಅವಸರ. ತಡೆದು ಬಾ ಎಂದರೆ ಅವನಿಗೆ ತಿರುಗಿ ಬರಲು ಪುರುಸೊತ್ತಿಲ್ಲ. ನಿಜವಾದ ಸರ್ವರ್ ಮಾತ್ರ ಕಾಲು ಗಂಟೆ ಕಾದು ಮತ್ತೆ ಬಾಗಿಲು ತಟ್ಟುತ್ತದೆ. ಒಳಗೆ ಬರದ ಪತ್ರ ಬಂದ ಪತ್ರವೇ ಅಲ್ಲ, ಅದಕ್ಕೆ ಉತ್ತರದ ಋಣವೂ ಇಲ್ಲ. ಅಂದೇ ಸಂಜೆ ಕೂತು ಸರ್ವರಿಗೆ ಹೊಸ ಮಾತು ಕಲಿಸಿದೆ. ಮರುದಿನ ಹೊಸ್ತಿಲಿಗೆ ಬಂದದ್ದು ಎರಡು ಸಾವಿರದ ನೂರು. ತಿರುಗಿ ಬಂದದ್ದು ಹತ್ತೊಂಬತ್ತು.

ಆದರೆ ಆಗಲೇ ಒಳಗೆ ಬಂದು ಕೂತ ಕಳ್ಳ ಪತ್ರಗಳು ಮನೆಮನೆಯಲ್ಲೂ ಇದ್ದವು. ಅವಕ್ಕೆ ಯಾರೂ ಉತ್ತರ ಬರೆಯುವಂತಿಲ್ಲ. ಆ ಮರುದಿನ ಬೆಳಿಗ್ಗೆಯೇ ಶಾಲೆಯ ಅಂಗಳದಲ್ಲಿ ಊರು ಸೇರಿತು. ಶಾಲು ಹೊದಿಸಿದ ಅದೇ ಅಂಗಳ. ನಿಂತು ಎಲ್ಲ ಒಪ್ಪಿಕೊಂಡೆ. ಏಳು ದಿನ ಗುರುತಿಲ್ಲದವರಿಗೆ ಒಂದು ಅಕ್ಷರವೂ ಊರು ಬಿಟ್ಟು ಹೋಗಬಾರದು, ಹೋದರೆ ನಿಂಬೆವ್ವನ ಪತ್ರ ತೊಂಬತ್ತು ದಿನ ಕೂರುತ್ತದೆ, ರಾಚಪ್ಪ ಹಡಗು ಹತ್ತುತ್ತಾನೆ. “ಮತ್ತ ನಮ್ಮ ಉಪ್ಪು?” ಎಂದು ಯಾರೋ ಕೇಳಿದರು. “ಹೋಗತೈತಿ,” ಎಂದೆ. “ಎಷ್ಟ ದಿನ?” “ಗೊತ್ತಿಲ್ಲ. ಇಲ್ಲೀತನಕ ಕಳ್ಳ ಪತ್ರಕ್ಕ ಯಾರೂ ಉತ್ತರ ಕೊಡದ ಇದ್ದು ನೋಡಿಲ್ಲ. ಕಾಯಂ ಹೋದರೂ ಹೋಗಬಹುದು.”

ನಿಂಬೆವ್ವ ಹಿಂದೆ ನಿಂತಿದ್ದಳು. ತಲೆ ಎತ್ತದೆ, “ನನ್ನ ಸಲುವಾಗಿ ಬ್ಯಾಡ್ರಿ,” ಎಂದಳು. ಆಗ ಲಾರಿಯ ಸಿದ್ರಾಮ, ರೊಟ್ಟಿ ಕಸಿಸಿಕೊಂಡವನೇ, ಎದ್ದು ನಿಂತ. “ಹತ್ತೊಂಬತ್ತು ದಿನದಿಂದ ನಿನ್ನ ಸಪ್ಪನ ಸಾರು ಉಂಡೇವಿ ನಿಂಬಕ್ಕಾ. ನಾಲಿಗಿಗೆ ರೂಢಿ ಆಗೇತಿ ಬಿಡು.” ಎಲ್ಲರೂ ನಕ್ಕರು. ಅಲ್ಲಿಗೆ ತೀರ್ಮಾನವಾಯಿತು.

ಸಪ್ಪೆ ಎಂದರೆ ಎಂಥ ಸಪ್ಪೆ! ಎರಡೇ ದಿನಕ್ಕೆ ಊರಿನ ಮಾತೇ ಕಡಿಮೆಯಾಯಿತು. ಹುಣಸೆಹಣ್ಣು, ಮೆಣಸಿನಕಾಯಿ, ಬೆಲ್ಲ, ಏನು ಹಾಕಿದರೂ ನಡುವೆ ಒಂದು ತೂತು. ಮಕ್ಕಳು ಬೆವರಿದ ಮುಂಗೈ ನೆಕ್ಕುತ್ತಿದ್ದವು. ಆದರೂ ಯಾರೂ ಬರೆಯಲಿಲ್ಲ.

ಮೂರನೆಯ ದಿನ ಚನಮಲ್ಲಪ್ಪ ಮಾಸ್ತರರು ಕೋಠಿಗೆ ಬಂದರು. ಕೈಯಲ್ಲಿ ಮಡಚಿದ ನಾಲ್ಕು ಹಾಳೆ. “ಎಣ್ಣಿಯಾಂವಗ ಒಂದ ಪತ್ರ ಕಳಸ್ರಿ ಸಾವಂತ್ರಕ್ಕ. ಏಳು ದಿನ ಬರಿಯಾಂಗಿಲ್ಲ ಅಂತ ಬರದೀನಿ, ಅಷ್ಟ. ಸುಮ್ಮನ ಕೂತರ ತಪ್ಪ ತಿಳಕೋತಾನ.”

“ಮಾಸ್ತರ, ಅಲ್ಲಿ ಎಣ್ಣಿಯಾಂವ ಇಲ್ಲರೀ. ನೀವು ಬರದಿದ್ದೆಲ್ಲ ಒಬ್ಬಾಕಿ ಪಾಪದ ಹೆಣ್ಣಮಗಳಿಗೆ ಹೋಗೇತಿ.”

ಅವರು ಬಹಳ ಹೊತ್ತು ಹಾಳೆಗಳನ್ನು ಮಡಚಿ ಬಿಚ್ಚಿ ಮಾಡಿದರು. “ಅಂವ ಪ್ರತಿದಿನ ನನಗ ಬರೀತಿದ್ದ,” ಎಂದರು. “ಸುಳ್ಳ ಅಂತ ನನಗೂ ಗೊತ್ತಿತ್ತು. ಆದರ ಹೆಸರು ಹಿಡದು ಬರೀತಿದ್ದ. ಪ್ರಿಯ ಚನಮಲ್ಲಪ್ಪನವರೇ ಅಂತ. ನನಗ ಮತ್ತ ಯಾರ ಬರೀತಾರ?”

ಎಂಟುನೂರು ಮನೆಯ ಪತ್ರ ನನ್ನ ಕೈ ದಾಟುತ್ತವೆ, ಅವರ ಮನೆಗೆ ಕಳ್ಳರನ್ನು ಬಿಟ್ಟು ಬೇರೆ ಯಾರೂ ಬರೆಯುವುದಿಲ್ಲ ಎಂಬುದನ್ನು ನಾನು ಒಂದು ದಿನವೂ ಗಮನಿಸಿರಲಿಲ್ಲ. “ನಾ ಬರೀತೀನ್ರಿ,” ಎಂದೆ. ಅವರು ನಂಬಲಿಲ್ಲ. ಅವರು ಮನೆ ಮುಟ್ಟುವುದರೊಳಗೆ ಬರೆದೆ: ಪ್ರಿಯ ಚನಮಲ್ಲಪ್ಪನವರೇ, ನಮ್ಮ ಅಪ್ಪನೂ ಬೋಳು. ಸಂಜೆಗೆ ಐದು ಪುಟ ಉತ್ತರ ಬಂತು. ಊರೊಳಗಿನ ಪತ್ರಕ್ಕೆ ಯಾವ ಪಟ್ಟಿಯೂ ಅಡ್ಡ ಬರುವುದಿಲ್ಲ. ಇಂದಿಗೂ ನಮ್ಮಿಬ್ಬರ ಪತ್ರ ನಡೆದಿದೆ. ಮನುಷ್ಯ ಬರೆಯುವುದರಲ್ಲಿ ನನ್ನನ್ನು ಸುಸ್ತು ಮಾಡಿಬಿಟ್ಟಿದ್ದಾರೆ.

ಐದನೆಯ ದಿನ ಬೆಳಿಗ್ಗೆ ಊರಿನ ತುದಿಯ ಮನೆಯಿಂದ ಒಬ್ಬಳು ಚೀರಿದಳು. ಆಮೇಲೆ ಪಕ್ಕದ ಮನೆಯವಳು. ಹತ್ತು ನಿಮಿಷದಲ್ಲಿ ಬೀದಿ ತುಂಬ ಜನ, ಎಲ್ಲರ ಕೈಯಲ್ಲೂ ಒಂದೊಂದು ಬಟ್ಟಲು. ಉಪ್ಪು ಬಂದಿತ್ತು. ಯಾರೂ ಯಾರಿಗೂ ಉತ್ತರ ಬರೆದಿರಲಿಲ್ಲ, ಆದರೂ ಬಂದಿತ್ತು. ನಾಲ್ಕು ದಿನ ಕಳೆದ ಮೇಲೆ ಕಳ್ಳ ಪತ್ರದ ಸಪ್ಪೆ ತಾನಾಗಿ ಇಳಿದುಹೋಗುತ್ತದೆ ಎಂಬುದು ಹನ್ನೊಂದು ವರ್ಷದಲ್ಲಿ ನಮಗೆ ಗೊತ್ತೇ ಆಗಿರಲಿಲ್ಲ, ಯಾಕೆಂದರೆ ನಾಲ್ಕು ದಿನ ಸುಮ್ಮನಿದ್ದವರು ಒಬ್ಬರೂ ಇರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಜನ ಬೀದಿಯಲ್ಲೇ ನಿಂತು ಬಟ್ಟಲು ನೆಕ್ಕಿದರು.

ಎರಡು ಮನೆಯ ಉಪ್ಪು ಮಾತ್ರ ಬರಲಿಲ್ಲ. ಒಂದು ನನ್ನದು, ಸಸಿ ಮಾರುವವಳಿಗೆ ಉತ್ತರ ಬಾಕಿಯಿತ್ತು. ಇನ್ನೊಂದು ನಿಂಬೆವ್ವನದು. ಉಪ್ಪು ದಡ್ಡ ವಸ್ತುವಲ್ಲ ಎಂದು ನನಗೆ ಅಂದು ಮನವರಿಕೆಯಾಯಿತು. ಮನುಷ್ಯರು ಬರೆದದ್ದು ಯಾವುದು, ಅಲ್ಲದ್ದು ಯಾವುದು ಎಂದು ಅದಕ್ಕೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನಮಗೆ.

ಅಮಾವಾಸ್ಯೆ ಬಂತು. ಬೆಳಿಗ್ಗೆ ಎಂಟರಿಂದಲೇ ಯಂತ್ರದ ಮುಂದೆ ಕೂತೆ. ಗೋಪುರದ ಗಡಿಯಾರ ಹತ್ತೂಕಾಲು ತೋರಿಸುವಾಗ ನಿಜವಾದ ಹನ್ನೊಂದಾಯಿತು. ಪಟ್ಟಿ ನೋಡಿದೆ, ನಮ್ಮ ಊರಿನ ಹೆಸರಿಲ್ಲ. ನಿಂಬೆವ್ವನ ಪತ್ರ ಮೊದಲು, ನನ್ನ ಕ್ಷಮೆಯ ಪತ್ರ ಅದರ ಹಿಂದೆ, ಎರಡನ್ನೂ ಬಿಟ್ಟೆ. ನನ್ನದು ಸಲೀಸಾಗಿ ಹೋಯಿತು. ಅವಳದಕ್ಕೆ ರಾಚಪ್ಪನ ಕಡೆಯ ಸರ್ವರ್ ಬೇರೆಯೇ ಉತ್ತರ ಕೊಟ್ಟಿತು. ಆಮೇಲೆ ಇನ್ನೊಮ್ಮೆ ಓದಿದೆ. ಓದಿ ಎದ್ದು ಖಾನಾವಳಿಗೆ ಓಡಿದೆ.

ಊರಿನ ಅರ್ಧ ಜನ ಅಲ್ಲೇ ಇದ್ದರು. ಸ್ವಂತ ಮನೆಯಲ್ಲಿ ಖಡಕ್ಕಾದ ಸಾರು ಬಿಟ್ಟು ಸಪ್ಪೆ ಸಾರಿಗೆ ಬಂದು ಕೂತಿದ್ದರು, ಮಾಸ್ತರರೂ ಸಿದ್ರಾಮನೂ. ಎಲ್ಲರ ತಾಟಿಗೂ ಬಡಿಸಿಯಾಗಿತ್ತು. ನಿಂಬೆವ್ವ ಒಲೆಯ ಮುಂದೆ ನಿಂತು ಸಾರಿಗೆ ಉಪ್ಪು ಹಾಕುತ್ತಿದ್ದಳು. ಆ ಒಂದು ತಿಂಗಳಲ್ಲಿ ಅವಳಿಗೆ ಅದೊಂದು ಚಟವಾಗಿತ್ತು, ರುಚಿ ಬರುವುದಿಲ್ಲವೆಂದು ಗೊತ್ತಿದ್ದರೂ ಹಿಡಿ ಹಿಡಿಯಾಗಿ ಸುರಿಯುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಿದಳು. “ಏನಂದರು?”

“ತಾಸು ಬಿಟ್ಟು ಬಾ ಅಂದಾರ.”

ನಿಂಬೆವ್ವ ನಕ್ಕಳು. ಎರಡು ವಾರದಿಂದ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. “ಅನ್ನಲಿ ಬಿಡು, ಅವರಿಗೆ ನಮ್ಮ ಗುರ್ತಿಲ್ಲ. ಹಸದವರು ನಾವು, ತಿರುಗಿ ಹೋಗೋಣು,” ಎಂದು ನನಗೊಂದು ತಾಟು ಹಾಕಿದಳು. ಸರ್ವರ್ ತಾನಾಗಿ ಮತ್ತೆ ಬಾಗಿಲು ತಟ್ಟುತ್ತದೆ, ನಾನಲ್ಲಿ ಇರಬೇಕಾಗಿಲ್ಲ. ಎಲ್ಲರೂ ರೊಟ್ಟಿ ಮುರಿಯುತ್ತ, ಅದ್ದುತ್ತ, ಸಪ್ಪೆಯನ್ನು ಅಗಿಯುತ್ತ ಕೂತೆವು. ನಿಂಬೆವ್ವ ಸಾರಿನ ಪಾತ್ರೆ ಹಿಡಿದು ಎರಡನೆಯ ಸುತ್ತು ಬಡಿಸಿದಳು. ನಾನು ಮನಸ್ಸಿನಲ್ಲೇ ನಿಮಿಷ ಎಣಿಸಿದೆ.

ಮೊದಲು ಕೆಮ್ಮಿದವರು ಚನಮಲ್ಲಪ್ಪ ಮಾಸ್ತರರು. ತುತ್ತು ಬಾಯಲ್ಲಿ, ಕಣ್ಣು ಹಣೆಯ ಮೇಲೆ. ಅವರನ್ನು ನೋಡಿ ನಗಲು ಬಾಯಿ ತೆರೆದ ಸಿದ್ರಾಮನ ಮುಖ ಹುಳ್ಳಗಾಯಿತು. ಅಷ್ಟರಲ್ಲಿ ನನ್ನ ನಾಲಿಗೆಯ ಮೇಲೂ ಬಂತು. ಉಪ್ಪು! ಒಂದು ಚಿಟಿಕೆಯ ಉಪ್ಪಲ್ಲ, ತಿಂಗಳಿಡೀ ಸುರಿದ ಹಿಡಿ ಹಿಡಿ ಉಪ್ಪು, ಸಾರಿನಲ್ಲಿ, ಪಲ್ಯದಲ್ಲಿ, ರೊಟ್ಟಿಯಲ್ಲಿ, ಉಪ್ಪಿನಕಾಯಿಯ ಭರಣಿಯಲ್ಲಿ ಎಲ್ಲ ಒಮ್ಮೆಗೇ ಎದ್ದಿತ್ತು. ಗಂಟಲು ಸುಟ್ಟುಹೋಯಿತು. ಎಲ್ಲರೂ ನಿಂಬೆವ್ವನ ಕಡೆ ತಿರುಗಿದೆವು.

ಅವಳು ಸೌಟಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿದಳು. ಮುಟ್ಟಿಸಿ ಹಾಗೆಯೇ ನಿಂತಳು. ಕೆನ್ನೆಯ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ.

“ಮುಟ್ಟಿತು,” ಎಂದಳು. ಆಮೇಲೆ ಸೌಟು ಎತ್ತಿ ಎಲ್ಲರನ್ನೂ ಗದರಿಸಿದಳು. “ಯಾರೂ ತಾಟು ಬಿಟ್ಟು ಏಳಬ್ಯಾಡ್ರಿ. ಹೊಸ್ತಿಲು ದಾಟಿ ಬಂದೀರಿ, ಉಂಡ ಹೋಗಬೇಕು.”

ಯಾರೂ ಏಳಲಿಲ್ಲ. ಬಾಯಿ ಉರಿಯುತ್ತ, ಕಣ್ಣು ಮೂಗು ಸುರಿಯುತ್ತ, ಒಬ್ಬರನ್ನೊಬ್ಬರು ನೋಡಿ ನಗುತ್ತ, ತಾಟಿನ ಕೊನೆಯ ಹನಿಯವರೆಗೆ ಬಳಿದು ಉಂಡೆವು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ. ಆ ಮಧ್ಯಾಹ್ನ ಎಲ್ಲರೂ ಎರಡು, ಮೂರು ತಂಬಿಗೆ ಕುಡಿದರು. ನಾನು ಏಳು ಕುಡಿದೆ. ಎಂಟನೆಯದನ್ನು ನಿಂಬೆವ್ವ ತಾನೇ ತುಂಬಿಸಿ ತಂದು ನನ್ನ ಮುಂದೆ ಇಟ್ಟಳು.